ಡಿಸ್ಕ್ ಇಲ್ಲದ ಅಗ್ಗದ ಕನ್ಸೋಲ್ ತೆಗೆದುಕೊಂಡರೆ ನಿಜಕ್ಕೂ ಹತ್ತು ಸಾವಿರ ಉಳಿಯುತ್ತದೆಯೇ?

ಪ್ರಶ್ನೆ: ನಮ್ಮದು ತುಮಕೂರಿನ ಕ್ಯಾತ್ಸಂದ್ರ. ಮಗಳು ಒಂಬತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಇಬ್ಬರೂ ಪ್ಲೇಸ್ಟೇಷನ್ (ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿ ಕಂಪನಿಯ ಕನ್ಸೋಲ್) ಬೇಕೆಂದು ವರ್ಷದಿಂದ ಹಟ ಹಿಡಿದಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, "ಡಿಸ್ಕ್ ಹಾಕೋ ಜಾಗ ಇಲ್ಲದ ಮಾಡೆಲ್ ತಗೊಳಣ್ಣ, ಹತ್ತು ಸಾವಿರ ಕಮ್ಮಿ ಬೀಳುತ್ತೆ" ಅನ್ನುತ್ತಾನೆ. ಇಷ್ಟು ವರ್ಷ ಹಳೆಯದಾದ ಯಂತ್ರದಿಂದ ಕೆಲವು ಭಾಗ ಕಿತ್ತು ಅಗ್ಗ ಮಾಡಿ ಮತ್ತೆ ಮಾರುವುದು ಯಾಕೆ? ಇದು ಹಳೇ ಸ್ಟಾಕ್ ಖಾಲಿ ಮಾಡುವ ಉಪಾಯವೇ? ಬೇಸಿಗೆ ರಜೆಗೆ ಮಕ್ಕಳು ಪಾವಗಡದ ಹತ್ತಿರ ಅಜ್ಜಿ ಊರಿಗೆ ಹೋಗುತ್ತಾರೆ, ಅಲ್ಲಿ ವೈಫೈ ಇಲ್ಲ. ನಾವು ಯಾವುದನ್ನು ತೆಗೆದುಕೊಳ್ಳಬೇಕು?

ಉತ್ತರ: ಮೊದಲು ಹಳೇ ಸ್ಟಾಕಿನ ಅನುಮಾನ ಕಳೆಯೋಣ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಮಾಲಿಗೆ ಅದೇ ಡಬ್ಬದ ಮೇಲೆ ರಿಯಾಯಿತಿ ಕೊಡುತ್ತಾರೆ, ಅಷ್ಟೇ. ಸಣ್ಣದಾಗಿಸಿದ ಮಾದರಿಗೆ ಹೊಸ ಸರ್ಕ್ಯೂಟ್ ಬೋರ್ಡ್ ಬೇಕು, ಹೊರಕವಚಕ್ಕೆ ಹೊಸ ಅಚ್ಚು ಬೇಕು, ಒಂದೊಂದು ದೇಶದಲ್ಲೂ ಮತ್ತೆ ಪರೀಕ್ಷೆ ಮಾಡಿಸಿ ಅನುಮತಿ ಪಡೆಯಬೇಕು. ಕಂಪನಿ ಇದಕ್ಕೆ ಹೊಸದಾಗಿ ಬಂಡವಾಳ ಹಾಕುತ್ತದೆ. ಹಾಗಾಗಿ ನಿಮ್ಮ ಮುಂದಿರುವುದು ಹೊಸದಾಗಿ ತಯಾರಾದ ಯಂತ್ರವೇ. ಮೋಸವೇನೂ ಇಲ್ಲ. ಆದರೆ ಕಿತ್ತುಹಾಕಿದ ಭಾಗ ಯಾವುದು ಎನ್ನುವುದರ ಮೇಲೆ ನಿಮ್ಮ ಲಾಭನಷ್ಟ ನಿಂತಿದೆ. ಹಿಂದಿನ ಅಗ್ಗದ ಮಾದರಿಗಳಿಗೂ ಈಗಿನವಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಅದನ್ನು ಬಿಡಿಸಿ ಹೇಳಬೇಕಾದರೆ ಬೆಲೆ ಇಳಿಯುವುದು ಹೇಗೆ ಎನ್ನುವಲ್ಲಿಂದ ಶುರು ಮಾಡಬೇಕು.

ಕನ್ಸೋಲ್ ತಯಾರಿಕೆಯ ಖರ್ಚಿನಲ್ಲಿ ದೊಡ್ಡ ಪಾಲು ಮುಖ್ಯ ಚಿಪ್ಪಿನದು. ಚಿಪ್ಪುಗಳನ್ನು ಒಂದೊಂದಾಗಿ ಮಾಡುವುದಿಲ್ಲ. ದುಂಡಗಿನ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪುಗಳನ್ನು ಒಟ್ಟಿಗೆ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅದೇ ಚಿಪ್ಪನ್ನು ಇನ್ನೂ ಸೂಕ್ಷ್ಮ ಗೆರೆಗಳಲ್ಲಿ ಮೂಡಿಸಲು ಸಾಧ್ಯವಾದರೆ ಒಂದು ಬಿಲ್ಲೆಯಿಂದ ಹೆಚ್ಚು ಚಿಪ್ಪು ಬರುತ್ತವೆ, ಹಾಳಾಗುವ ಪ್ರಮಾಣವೂ ಇಳಿಯುತ್ತದೆ. ಸಣ್ಣ ಚಿಪ್ಪು ಕರೆಂಟ್ ಕಡಿಮೆ ಕುಡಿಯುತ್ತದೆ, ಕಡಿಮೆ ಕಾಯುತ್ತದೆ. ಆಗ ಫ್ಯಾನ್ ಚಿಕ್ಕದು ಸಾಕು, ಪವರ್ ಸಪ್ಲೈ ಚಿಕ್ಕದು ಸಾಕು, ಡಬ್ಬವೂ ಚಿಕ್ಕದಾಗುತ್ತದೆ. ಡಬ್ಬ ಚಿಕ್ಕದಾದರೆ ಹಡಗಿನ ಒಂದು ಕಂಟೇನರಿನಲ್ಲಿ ಹೆಚ್ಚು ಡಬ್ಬ ಹಿಡಿಸುತ್ತವೆ. ಒಂದು ಕಡೆ ಉಳಿಸಿದ್ದು ಇನ್ನೂ ನಾಲ್ಕು ಕಡೆ ಉಳಿಸುತ್ತದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಪ್ಲೇಸ್ಟೇಷನ್ 2. 2000ದಲ್ಲಿ ಅದು ಬಂದಾಗ ಮುಖ್ಯ ಪ್ರೊಸೆಸರ್ ಬೇರೆ, ಚಿತ್ರ ಮೂಡಿಸುವ ಚಿಪ್ಪು ಬೇರೆ ಇದ್ದವು. ಸೋನಿ ಆಮೇಲೆ ಎರಡನ್ನೂ ಒಂದೇ ಚಿಪ್ಪಿನಲ್ಲಿ ಸೇರಿಸಿತು. 2004ರ ಸ್ಲಿಮ್ ಮಾದರಿ ಬರುವ ಹೊತ್ತಿಗೆ 78 ಮಿಲಿಮೀಟರ್ ದಪ್ಪದ ಯಂತ್ರ 28 ಮಿಲಿಮೀಟರಿಗೆ ಇಳಿದಿತ್ತು. ಅಮೆರಿಕದಲ್ಲಿ 299 ಡಾಲರಿಗೆ ಶುರುವಾದದ್ದು 2009ರಲ್ಲಿ 99 ಡಾಲರಿಗೆ ಬಂತು. ತಯಾರಿಕೆ ನಿಂತದ್ದು 2013ರ ಆರಂಭದಲ್ಲಿ. ಅಲ್ಲಿಯವರೆಗೆ ಮಾರಾಟವಾದದ್ದು 15 ಕೋಟಿಗೂ ಹೆಚ್ಚು. ಸ್ಲಿಮ್ ಮಾಡುವಾಗ ತೆಗೆದದ್ದೇನು? ಹಾರ್ಡ್ ಡಿಸ್ಕ್ ಸೇರಿಸಲು ಹಿಂಬದಿಯಲ್ಲಿದ್ದ ಖಾಲಿ ಜಾಗ. ನೂರು ಜನರಲ್ಲಿ ಒಬ್ಬರು ಅದನ್ನು ಬಳಸುತ್ತಿದ್ದರೋ ಇಲ್ಲವೋ. ಗೇಮ್ ಡಿಸ್ಕ್ ಮಾತ್ರ ಮೊದಲಿನ ಹಾಗೆಯೇ ಓಡುತ್ತಿತ್ತು.

ನಮ್ಮ ದೇಶದಲ್ಲಿ ಪ್ಲೇಸ್ಟೇಷನ್ ಹೆಚ್ಚು ಮನೆಗಳಿಗೆ ತಲುಪಲು ಈ ಅಗ್ಗದ ರೂಪವೂ ಕಾರಣ. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ಹನುಮಂತನ ಬಾಲ್ಯದ ಕಥೆಯನ್ನು ಗೇಮ್ ಮಾಡಿದಾಗ ಅದನ್ನು ತಂದದ್ದು ಪ್ಲೇಸ್ಟೇಷನ್ 2ಕ್ಕೆ. ಪ್ಲೇಸ್ಟೇಷನ್ 3 ಆಗಲೇ ಮಾರುಕಟ್ಟೆಗೆ ಬಂದಾಗಿತ್ತು. ಆದರೆ ಇಲ್ಲಿನ ಮನೆಗಳಲ್ಲಿ ಇದ್ದದ್ದು ಹಳೆಯದೇ. ನೀವು ಕೇಳಿದ "ಯಾಕೆ" ಎಂಬ ಪ್ರಶ್ನೆಗೂ ಉತ್ತರ ಇದರಲ್ಲಿದೆ. ಮೊದಲ ವರ್ಷ ದುಬಾರಿ ಕೊಟ್ಟು ಕೊಳ್ಳುವವರು ಬೇರೆ, ಆರನೇ ವರ್ಷ ಮಕ್ಕಳಿಗೆಂದು ಕೊಳ್ಳುವವರು ಬೇರೆ. ಆರನೇ ವರ್ಷಕ್ಕೆ ನೂರಾರು ಗೇಮುಗಳು ಸಿದ್ಧವಾಗಿರುತ್ತವೆ, ಮಾರಾಟವಾದ ಒಂದೊಂದು ಗೇಮಿನಿಂದಲೂ ಕನ್ಸೋಲ್ ಕಂಪನಿಗೆ ಪಾಲು ಬರುತ್ತದೆ. ಯಂತ್ರದಿಂದ ಹೆಚ್ಚು ಗಳಿಸದಿದ್ದರೂ ಅದು ಇನ್ನೊಂದು ಮನೆ ಸೇರಿದರೆ ಕಂಪನಿಗೆ ಸಾಕು.

ಚಿಪ್ಪು ಸಣ್ಣದಾಗಿಸುವುದು ಎಲ್ಲರಿಗೂ ಸಾಧ್ಯವಾಗಲಿಲ್ಲ. 2001ರಲ್ಲಿ ಮೈಕ್ರೋಸಾಫ್ಟ್ ತನ್ನ ಮೊದಲ ಎಕ್ಸ್‌ಬಾಕ್ಸ್ ತಂದಾಗ ಪ್ರೊಸೆಸರನ್ನು ಇಂಟೆಲ್‌ನಿಂದಲೂ ಚಿತ್ರದ ಚಿಪ್ಪನ್ನು ಎನ್ವಿಡಿಯಾದಿಂದಲೂ ಕೊಳ್ಳುತ್ತಿತ್ತು. ವಿನ್ಯಾಸ ತನ್ನದಲ್ಲ, ಎರಡನ್ನೂ ಸೇರಿಸಿ ಒಂದು ಮಾಡುವ ಹಕ್ಕೂ ಇಲ್ಲ. ಚಿಪ್ಪಿನ ಬೆಲೆಯ ವಿಚಾರದಲ್ಲಿ ಎನ್ವಿಡಿಯಾ ಜೊತೆ ಮಧ್ಯಸ್ಥಿಕೆಯವರೆಗೂ ವ್ಯಾಜ್ಯ ಹೋಯಿತು. ಅದರ ಮೇಲೆ ಪ್ರತಿ ಯಂತ್ರದಲ್ಲೂ 8 ಜಿಬಿ ಹಾರ್ಡ್ ಡಿಸ್ಕ್. ತಿರುಗುವ ತಟ್ಟೆ, ಮೋಟಾರು, ಓದುವ ತೋಳು ಇರುವ ಇಂಥ ಭಾಗಕ್ಕೆ ಒಂದು ಕನಿಷ್ಠ ಬೆಲೆ ಇದ್ದೇ ಇರುತ್ತದೆ. ವರ್ಷ ಕಳೆದಂತೆ ಅದೇ ಬೆಲೆಗೆ ಹೆಚ್ಚು ಜಿಬಿ ಬರುತ್ತದೆಯೇ ಹೊರತು 8 ಜಿಬಿಯ ಬೆಲೆ ಕಾಲುಭಾಗಕ್ಕೆ ಇಳಿಯುವುದಿಲ್ಲ. ಆ ಯಂತ್ರಕ್ಕೆ ಸ್ಲಿಮ್ ರೂಪ ಬರಲೇ ಇಲ್ಲ. ಮುಂದಿನ ಎಕ್ಸ್‌ಬಾಕ್ಸ್ 360ರಲ್ಲಿ ಚಿಪ್ಪಿನ ವಿನ್ಯಾಸದ ಹಕ್ಕನ್ನು ಮೈಕ್ರೋಸಾಫ್ಟ್ ತನ್ನ ಕೈಯಲ್ಲೇ ಇಟ್ಟುಕೊಂಡಿತು, ಹಾರ್ಡ್ ಡಿಸ್ಕ್ ಇಲ್ಲದ ಅಗ್ಗದ ಮಾದರಿಯನ್ನು 2005ರಲ್ಲಿ ಮೊದಲ ದಿನದಿಂದಲೇ ಮಾರಿತು. 2010ರ ಸಣ್ಣ ಮಾದರಿಯಲ್ಲಿ ಎರಡು ಚಿಪ್ಪುಗಳೂ ಒಂದಾದವು.

ಹೀಗೆ ಖರ್ಚು ಇಳಿಸಲು ದಾರಿ ಎರಡೇ. ಕುಗ್ಗುವ ಭಾಗವನ್ನು ಕುಗ್ಗಿಸಬೇಕು, ಕುಗ್ಗದ ಭಾಗವನ್ನು ಕಿತ್ತುಹಾಕಬೇಕು. ಮೊದಲ ದಾರಿ ಈಗ ಬಹುಮಟ್ಟಿಗೆ ಮುಚ್ಚಿಹೋಗಿದೆ. ಪ್ಲೇಸ್ಟೇಷನ್ 5ರ ಚಿಪ್ಪು 2022ರಲ್ಲಿ 7 ನ್ಯಾನೊಮೀಟರ್ ವಿಧಾನದಿಂದ ಇನ್ನೂ ಸೂಕ್ಷ್ಮವಾದ 6ಕ್ಕೆ ಬಂತು, ಆದರೆ ಹಿಂದಿನ ಕಾಲದ ಹಾಗೆ ಬೆಲೆ ಅರ್ಧಕ್ಕೆ ಬೀಳಲಿಲ್ಲ. ಸೂಕ್ಷ್ಮ ಗೆರೆಯ ಬಿಲ್ಲೆಗಳೇ ಈಗ ಬಲು ದುಬಾರಿ. ಇದೂ ಸೇರಿ ಹಲವು ಕಾರಣಗಳಿಂದ 2020ರಲ್ಲಿ ಅಮೆರಿಕದಲ್ಲಿ 499 ಡಾಲರಿಗೆ ಬಂದ ಡಿಸ್ಕ್ ಮಾದರಿ 2025ರ ಆಗಸ್ಟಿನಲ್ಲಿ 549 ಡಾಲರ್ ಆಯಿತು. ನಮ್ಮಲ್ಲಿ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂದದ್ದು, 2024ರ ಏಪ್ರಿಲ್‌ನಲ್ಲಿ ಸ್ಲಿಮ್ ರೂಪದಲ್ಲಿ 54,990ಕ್ಕೆ ಬಂತು. ಹಳೆಯದಾದಷ್ಟೂ ಅಗ್ಗವಾಗುತ್ತಿದ್ದ ವಸ್ತು ಹಳೆಯದಾದಷ್ಟೂ ದುಬಾರಿಯಾಗತೊಡಗಿದೆ. ಇನ್ನು ಉಳಿದದ್ದು ಕೀಳುವ ದಾರಿಯೊಂದೇ. ಕಿತ್ತರೆ ಹೆಚ್ಚು ಉಳಿಯುವ ಭಾಗ ಎಂದರೆ ಮೋಟಾರು, ಲೇಸರ್ ಲೆನ್ಸು, ಹಲ್ಲುಚಕ್ರಗಳಿರುವ ಡಿಸ್ಕ್ ಡ್ರೈವ್.

ಇಲ್ಲೊಂದು ಮಾತು ಸೇರಿಸಬೇಕು. ನಮ್ಮದೇ ರಾಜ್ಯದ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ, ಆದರೆ ಈ ಕನ್ಸೋಲುಗಳು ನಮ್ಮಲ್ಲಿಗೆ ಆಮದಾಗಿ ಬರುತ್ತವೆ. 2018ರ ಕೇಂದ್ರ ಬಜೆಟ್ಟಿನಲ್ಲಿ ಇವುಗಳ ಆಮದು ಸುಂಕ ಶೇ. 10ರಿಂದ 20ಕ್ಕೆ ಏರಿತು. ಸುಂಕ ಬೆಲೆಯ ಮೇಲೆ ಬೀಳುವುದರಿಂದ ಅಲ್ಲಿ ಕಡಿಮೆಯಾದ ಒಂದೊಂದು ಡಾಲರಿಗೂ ಇಲ್ಲಿ ಇನ್ನೊಂದಿಷ್ಟು ಉಳಿಯುತ್ತದೆ. ಅಗ್ಗದ ಮಾದರಿ ನಮ್ಮ ಅಂಗಡಿಗಳಲ್ಲಿ ಅಷ್ಟು ಆಕರ್ಷಕವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಭಾಗ ಕಿತ್ತ ಮಾತ್ರಕ್ಕೆ ಯಂತ್ರ ಕೀಳಾಗುವುದಿಲ್ಲ ಎನ್ನುವುದಕ್ಕೆ ಒಳ್ಳೆಯ ಉದಾಹರಣೆಗಳಿವೆ. ನಿಂಟೆಂಡೊ ಕಂಪನಿಯ ಎನ್‌ಇಎಸ್ ಎಂಬ ಹಳೆಯ ಕನ್ಸೋಲಿನ ಅಗ್ಗದ ಮಾದರಿ 1993ರಲ್ಲಿ ಅಮೆರಿಕದಲ್ಲಿ 49.99 ಡಾಲರಿಗೆ ಬಂತು. ಕ್ಯಾಸೆಟ್ಟನ್ನು ಮುಂದಿನಿಂದ ತೂರಿಸಿ ಕೆಳಕ್ಕೆ ಒತ್ತುವ ತೊಡಕಿನ ವ್ಯವಸ್ಥೆ ಹೋಗಿ ಮೇಲಿನಿಂದ ಸೀದಾ ಚುಚ್ಚುವುದು ಬಂತು. ಕಾಂಪೊಸಿಟ್ ವಿಡಿಯೋ ಔಟ್‌ಪುಟ್ ಹೋಗಿ ಟಿವಿಯ ಆಂಟೆನಾ ಕಿಂಡಿಗೆ ಜೋಡಿಸುವ ವೈರ್ ಮಾತ್ರ ಉಳಿದರೂ ಬಾಳಿಕೆಯಲ್ಲಿ ಮೂಲ ಯಂತ್ರಕ್ಕಿಂತ ಅದೇ ಗಟ್ಟಿ. 2012ರ ಪ್ಲೇಸ್ಟೇಷನ್ 3ರ ಅತಿ ತೆಳು ಮಾದರಿಯಲ್ಲಿ ಡಿಸ್ಕನ್ನು ತಾನೇ ಒಳಗೆಳೆದುಕೊಳ್ಳುವ ಯಂತ್ರಾಂಶ ಹೋಗಿ ಕೈಯಿಂದ ಸರಿಸುವ ಮುಚ್ಚಳ ಬಂತು. ನೋಡಲು ಅಗ್ಗ ಅನ್ನಿಸುತ್ತದೆ, ನಿಜ. ಕೆಡುವ ಭಾಗ ಒಂದು ಕಡಿಮೆಯಾಯಿತಲ್ಲ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವವರ ಕಣ್ಣಿಗೆ ಅದೇ ಮುಖ್ಯ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ ಯಂತ್ರದ ಅಗ್ಗದ ರೂಪವಾದ 2013ರ 2ಡಿಎಸ್‌ನಲ್ಲಿ ಮಡಚುವ ಕೀಲೂ ಇಲ್ಲ, ಮೂರು ಆಯಾಮದ ಚಿತ್ರವೂ ಇಲ್ಲ. ಆ ಚಿತ್ರವನ್ನು ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸಬೇಡಿ ಎಂದು ಕಂಪನಿಯೇ ಹೇಳುತ್ತಿತ್ತು. ಹಾಗಾದರೆ ಚಿಕ್ಕ ಮಕ್ಕಳಿರುವ ಮನೆಗೆ ಸರಿಯಾದದ್ದು ಅಗ್ಗದ್ದೇ ತಾನೇ? 2016ರ ಪ್ಲೇಸ್ಟೇಷನ್ 4 ಸ್ಲಿಮ್‌ನಿಂದ ಆಪ್ಟಿಕಲ್ ಆಡಿಯೊ ಕಿಂಡಿ ಹೋಯಿತು. ಹಳೆಯ ಹೋಮ್ ಥಿಯೇಟರ್ ಇಟ್ಟುಕೊಂಡವರಿಗೆ ಬಿಟ್ಟರೆ ಬೇರೆ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ವೀ ಮಿನಿ. ನಿಂಟೆಂಡೊ ವೀ ಬಂದದ್ದು 2006ರಲ್ಲಿ. ಆರು ವರ್ಷ ಕಳೆದು, ಅದರ ಮುಂದಿನ ಪೀಳಿಗೆಯ ವೀ ಯು ಅಂಗಡಿಗೆ ಬಂದ ಮೇಲೆ, 2012ರ ಡಿಸೆಂಬರಿನಲ್ಲಿ ಕೆನಡಾದಲ್ಲಿ ಕಪ್ಪು-ಕೆಂಪು ಬಣ್ಣದ ಈ ಸಣ್ಣ ಯಂತ್ರವನ್ನು 99.99 ಕೆನಡಾ ಡಾಲರಿಗೆ ಬಿಟ್ಟರು. ಮುಂದಿನ ವರ್ಷ ಅದು ಯುರೋಪಿಗೂ ಅಮೆರಿಕಕ್ಕೂ ಬಂತು. ಕಿತ್ತದ್ದರ ಪಟ್ಟಿ ದೊಡ್ಡದು. ಇಂಟರ್ನೆಟ್ ಪೂರ್ತಿ ಹೋಯಿತು, ಎಸ್‌ಡಿ ಕಾರ್ಡಿನ ಕಿಂಡಿ ಹೋಯಿತು, ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್‌ನ ಗೇಮುಗಳನ್ನು ಆಡುವ ಅನುಕೂಲ ಹೋಯಿತು. ಸ್ಪಷ್ಟ ಚಿತ್ರ ಕೊಡುತ್ತಿದ್ದ ಕಾಂಪೊನೆಂಟ್ ಔಟ್‌ಪುಟ್ ಕೂಡ ಹೋಗಿ ಹಳದಿ-ಬಿಳಿ-ಕೆಂಪು ವೈರ್ ಮಾತ್ರ ಉಳಿಯಿತು. ಇಂಟರ್ನೆಟ್ ಇಲ್ಲದ ಕನ್ಸೋಲ್ ಯಾರಿಗೆ ಬೇಕು ಎಂದು ಆಗ ಬಹಳ ಜನ ಮೂಗು ಮುರಿದರು.

ಆಮೇಲೆ ಆದದ್ದನ್ನು ನೋಡಿ. ವೀ ಯಂತ್ರದ ಆನ್‌ಲೈನ್ ಆಟದ ಸೇವೆಯನ್ನು ನಿಂಟೆಂಡೊ 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಡೌನ್‌ಲೋಡ್ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು. ಪೂರ್ತಿ ಬೆಲೆ ಕೊಟ್ಟು ಕೊಂಡ ವೀಯಲ್ಲಿ ಇಂಟರ್ನೆಟ್ ಸೌಲಭ್ಯ ಇದೆ, ಹೋಗಲು ಕಂಪನಿಯ ಅಂಗಡಿ ಇಲ್ಲ. ಮಿನಿಯಲ್ಲಿ ಡಿಸ್ಕ್ ಹಾಕಿದರೆ ಅಂದು ಆಡಿದ ಗೇಮ್ ಇಂದೂ ಆಡುತ್ತದೆ. ಕಂಪನಿಯ ಸೇವೆಯನ್ನು ನಂಬಿಕೊಂಡ ಭಾಗಗಳನ್ನೆಲ್ಲ ಕಿತ್ತಿದ್ದರಿಂದ ಸೇವೆ ನಿಂತಾಗ ಅದು ಕಳೆದುಕೊಳ್ಳಲು ಏನೂ ಇರಲಿಲ್ಲ.

ಡಿಸ್ಕ್ ಇಲ್ಲದ ಮಾದರಿಯಲ್ಲಿ ಆಗಿರುವುದು ಇದರ ಸರಿಯಾದ ವಿರುದ್ಧ. ತುಮಕೂರಿನವರಾದ ನಿಮಗೆ ಎಚ್‌ಎಂಟಿ ಗಡಿಯಾರದ ಬಗ್ಗೆ ನಾನು ಹೇಳಬೇಕಿಲ್ಲ. ತಾರೀಖು ತೋರಿಸದ ಗಡಿಯಾರ ಅಗ್ಗ, ಗಂಟೆ ತೋರಿಸುವುದರಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಕೀ ಕೊಡುವ ತಿರುಪನ್ನು ಕಂಪನಿ ತನ್ನ ಹತ್ತಿರ ಇಟ್ಟುಕೊಂಡು ಗಡಿಯಾರ ಮಾತ್ರ ನಿಮಗೆ ಕೊಟ್ಟರೆ? ಡಿಸ್ಕ್ ಇಲ್ಲದ ಕನ್ಸೋಲಿನಲ್ಲಿ ಗೇಮ್ ಕೊಳ್ಳಲು ಇರುವುದು ಕಂಪನಿಯದೇ ಆನ್‌ಲೈನ್ ಅಂಗಡಿ. ಅಲ್ಲಿ ಮಾರಾಟವಾದ ಒಂದೊಂದು ಗೇಮಿನಲ್ಲೂ ಸಾಮಾನ್ಯವಾಗಿ ಶೇ. 30 ಕಂಪನಿಗೆ. ಅಂಗಡಿಯವರ ಕಮಿಷನ್ ಇಲ್ಲ, ಡಿಸ್ಕ್ ಅಚ್ಚುಹಾಕುವ ಖರ್ಚಿಲ್ಲ, ಸೆಕೆಂಡ್ ಹ್ಯಾಂಡ್ ಮಾರಾಟದ ಕಾಟವಿಲ್ಲ. ಡ್ರೈವ್ ತೆಗೆದಿದ್ದರಿಂದ ಉಳಿಯುವ ಖರ್ಚಿಗಿಂತ ಹೆಚ್ಚಿನ ಮೊತ್ತವನ್ನು ಕಂಪನಿ ಬೆಲೆಯಲ್ಲಿ ಬಿಟ್ಟುಕೊಡಬಲ್ಲದು, ಏಕೆಂದರೆ ಮುಂದಿನ ವರ್ಷಗಳಲ್ಲಿ ಅದು ನಿಮ್ಮಿಂದಲೇ ವಾಪಸ್ ಬರುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಡಿಸ್ಕ್ ಇಲ್ಲದ ಎಕ್ಸ್‌ಬಾಕ್ಸ್ ಒನ್ ಎಸ್ ತಂದಾಗಿನಿಂದ ಈ ಲೆಕ್ಕಾಚಾರ ಎದ್ದು ಕಾಣುತ್ತಿದೆ.

ನಿಮ್ಮ ಮನೆಯ ಲೆಕ್ಕ ಹಾಕೋಣ. ದೊಡ್ಡ ಗೇಮ್ ಹೊಸದಾಗಿ ಬಂದಾಗ ನಾಲ್ಕೈದು ಸಾವಿರ. ಡಿಸ್ಕ್ ಆದರೆ ಆಡಿ ಮುಗಿಸಿದ ಮೇಲೆ ಅರ್ಧ ಬೆಲೆಗಾದರೂ ಮಾರಬಹುದು, ಇಲ್ಲವೇ ಪಕ್ಕದ ಮನೆಯ ಹುಡುಗನ ಡಿಸ್ಕಿಗೆ ಬದಲಾಯಿಸಿಕೊಳ್ಳಬಹುದು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿಗೆ ಹೋದರೆ ಬಳಸಿದ ಡಿಸ್ಕುಗಳು ಸಿಗುತ್ತವೆ. ಪ್ಲೇಸ್ಟೇಷನ್ 4ರ ಡಿಸ್ಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 5ರಲ್ಲಿ ಆಡುತ್ತವೆ, ಡ್ರೈವ್ ಇದ್ದರೆ ಮಾತ್ರ. ಎರಡು ಮಕ್ಕಳಿರುವ ಮನೆಯಲ್ಲಿ ವರ್ಷಕ್ಕೆ ಮೂರು ಗೇಮ್ ಅಂದುಕೊಳ್ಳಿ. ಮರುಮಾರಾಟದಿಂದ ಒಂದೊಂದಕ್ಕೆ ಎರಡು ಸಾವಿರ ವಾಪಸ್ ಬಂದರೂ ಎರಡನೇ ವರ್ಷ ಮುಗಿಯುವ ಮೊದಲೇ ನಿಮ್ಮ ತಮ್ಮ ಹೇಳಿದ ಹತ್ತು ಸಾವಿರ ಸರಿಹೋಗುತ್ತದೆ. ಆಮೇಲಿನದೆಲ್ಲ ಉಳಿತಾಯ.

ಡೌನ್‌ಲೋಡಿನ ಗಾತ್ರವನ್ನೂ ಯೋಚಿಸಿ. ಈಗಿನ ದೊಡ್ಡ ಗೇಮುಗಳು 100 ಜಿಬಿ ಮುಟ್ಟುತ್ತವೆ. ಮನೆಯಲ್ಲಿ 40 ಎಂಬಿಪಿಎಸ್ ಫೈಬರ್ ಇದ್ದರೆ ಅಡೆತಡೆ ಇಲ್ಲದೆ ಐದೂವರೆ ಗಂಟೆ ಬೇಕು. ಪಾವಗಡದ ಕಡೆ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಹಾಟ್‌ಸ್ಪಾಟ್ ಹಾಕಿದರೆ 50 ದಿನ, ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಡಿಸ್ಕ್ ಇದ್ದರೂ ಅಪ್‌ಡೇಟ್ ಬರುತ್ತವೆ, ಅವು ಚಿಕ್ಕವೂ ಅಲ್ಲ. ಆದರೂ ಬಹುತೇಕ ಗೇಮುಗಳಲ್ಲಿ ಡಿಸ್ಕಿನಲ್ಲಿರುವಷ್ಟನ್ನು ಹಾಕಿಕೊಂಡು ಆಟ ಶುರು ಮಾಡಬಹುದು.

ಡಿಸ್ಕ್ ಇಲ್ಲದ ಮಾದರಿಯ ಪರವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಕ್ಯಾತ್ಸಂದ್ರದಲ್ಲೇ ಡೌನ್‌ಲೋಡ್ ಮಾಡಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆಟಕ್ಕೆ ಒಪ್ಪಿಗೆ ಕೊಟ್ಟಿದ್ದರೆ ವೈಫೈ ಇಲ್ಲದ ಊರಿನಲ್ಲೂ ಗೇಮ್ ಆಡುತ್ತದೆ. ಹಬ್ಬದ ಸೇಲಿನಲ್ಲಿ ಆನ್‌ಲೈನ್ ಅಂಗಡಿಯ ಹಳೆಯ ಗೇಮುಗಳು ಒಳ್ಳೆಯ ಬೆಲೆಗೆ ಸಿಗುತ್ತವೆ. ಮಕ್ಕಳು ಆಡುವುದು ಬರೀ ಉಚಿತ ಆನ್‌ಲೈನ್ ಗೇಮುಗಳನ್ನೇ ಆದರೆ ಡ್ರೈವಿಗೆ ಕೊಟ್ಟ ದುಡ್ಡು ದಂಡ. ನಿಮ್ಮ ಮಗನನ್ನು ಕೂರಿಸಿಕೊಂಡು ಯಾವ ಯಾವ ಗೇಮ್ ಬೇಕು ಎಂದು ಪಟ್ಟಿ ಬರೆಸಿ. ಅದರಲ್ಲಿ ಮುಕ್ಕಾಲು ಉಚಿತದ್ದೇ ಇದ್ದರೆ ನಿಮ್ಮ ತಮ್ಮನ ಮಾತು ಸರಿ.

ಕಂಪನಿ ಅಂಗಡಿ ಮುಚ್ಚಿದರೆ ಎಂಬ ಭಯಕ್ಕೂ ಆಧಾರವಿದೆ. ವೀ ಯು ಮತ್ತು 3ಡಿಎಸ್ ಅಂಗಡಿಗಳು 2023ರ ಮಾರ್ಚಿನಲ್ಲಿ, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮುಚ್ಚಿದವು. ಮೊದಲೇ ಕೊಂಡಿದ್ದನ್ನು ಮತ್ತೆ ಇಳಿಸಿಕೊಳ್ಳಲು ಬಿಟ್ಟಿದ್ದಾರೆ, ಹೊಸದಾಗಿ ಕೊಳ್ಳುವಂತಿಲ್ಲ. ಪ್ಲೇಸ್ಟೇಷನ್ 5ರ ಅಂಗಡಿ ಸದ್ಯಕ್ಕೆ ಮುಚ್ಚುವುದಿಲ್ಲ. ಆದರೆ ಆರನೇ ಕ್ಲಾಸಿನ ಹುಡುಗ ಡಿಗ್ರಿ ಮುಗಿಸುವ ಹೊತ್ತಿಗೆ ಯಾವ ಗೇಮ್ ಉಳಿದಿರುತ್ತದೆ ಎನ್ನುವುದು ಕಂಪನಿಯ ತೀರ್ಮಾನಕ್ಕೆ ಬಿಟ್ಟದ್ದಾಗುತ್ತದೆ.

ನನ್ನ ಸಲಹೆ ಇಷ್ಟು. ನಿಮ್ಮಂಥ ಮನೆಗೆ ಡಿಸ್ಕ್ ಇರುವುದೇ ಸರಿ. ಅಷ್ಟು ದುಡ್ಡು ಈಗ ಹೊಂದುವುದಿಲ್ಲ ಎಂದಾದರೆ ಡಿಸ್ಕ್ ಇಲ್ಲದ ಹೊಸದಕ್ಕಿಂತ ಬಳಸಿದ ಪ್ಲೇಸ್ಟೇಷನ್ 4 ಸ್ಲಿಮ್ ನೋಡಿ. ಕೊಳ್ಳುವಾಗ ಪ್ಲೇಸ್ಟೇಷನ್ 4ರ ಒಂದು ಡಿಸ್ಕನ್ನು ಯಾರಿಂದಾದರೂ ಕೇಳಿ ತೆಗೆದುಕೊಂಡು ಹೋಗಿ, ಹತ್ತು ನಿಮಿಷ ಆಡಿಸಿ. ಡಿಸ್ಕ್ ಕರ್ರೆನ್ನುತ್ತದೆಯೇ ಕೇಳಿ, ಎಚ್‌ಡಿಎಂಐ ವೈರ್ ಅಲುಗಿಸಿ ಚಿತ್ರ ಹೋಗುತ್ತದೆಯೇ ನೋಡಿ. ಸಿಸ್ಟಮ್ ಸಾಫ್ಟ್‌ವೇರ್ 9.00ಕ್ಕಿಂತ ಹಿಂದಿನದಾಗಿದ್ದರೆ ಅಪ್‌ಡೇಟ್ ಮಾಡಿಸಿ. ಒಳಗಿನ ಸಣ್ಣ ಬ್ಯಾಟರಿ ಸತ್ತರೆ ಗೇಮ್ ನಿಲ್ಲುತ್ತಿದ್ದ ದೋಷವನ್ನು 2021ರ ಆ ಆವೃತ್ತಿಯಲ್ಲಿ ಸರಿಪಡಿಸಿದ್ದಾರೆ.

ಹೊಸ ಪ್ಲೇಸ್ಟೇಷನ್ 5 ಸ್ಲಿಮ್ ತೆಗೆದುಕೊಂಡರೆ ಅದರ ಡ್ರೈವ್ ಬಿಚ್ಚಿ ಹಾಕುವಂಥದ್ದು, ಮೊದಲ ಸಲ ಯಂತ್ರದ ಜೊತೆ ಜೋಡಿಯಾಗಲು ಇಂಟರ್ನೆಟ್ ಬೇಕೇ ಬೇಕು. ಡಬ್ಬ ಒಡೆದು ಮನೆಯ ವೈಫೈನಲ್ಲಿ ಜೋಡಣೆ ಮುಗಿಸಿ, ಒಂದು ಡಿಸ್ಕ್ ಆಡಿಸಿ ನೋಡಿದ ಮೇಲೆಯೇ ಪಾವಗಡಕ್ಕೆ ಕಳಿಸಿ. ಡಿಸ್ಕ್ ಇಲ್ಲದ್ದನ್ನೇ ಕೊಂಡು ಮುಂದೆ ಡ್ರೈವ್ ಸೇರಿಸುವ ಯೋಚನೆ ಇದ್ದರೆ, ಆ ಡ್ರೈವ್ ಅಂಗಡಿಯಲ್ಲಿ ಸಿಗುತ್ತದೆಯೇ, ಎಷ್ಟು ಎಂದು ಮೊದಲೇ ವಿಚಾರಿಸಿ. ಮೈಕ್ರೋಸಾಫ್ಟಿನ ಡಿಸ್ಕ್ ಇಲ್ಲದ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಅಂಥ ದಾರಿಯೇ ಇಲ್ಲ. ಡಬ್ಬದ ಮೇಲಿನ ಚೀಟಿಯಲ್ಲಿ ಎಂಆರ್‌ಪಿ, ಆಮದುದಾರರ ಹೆಸರು, ತಿಂಗಳು-ವರ್ಷ ಇರಬೇಕೆಂದು ಕಾನೂನೇ ಇದೆ. ಹಳೇ ಸ್ಟಾಕೋ ಹೊಸದೋ ಎನ್ನುವುದು ಅಲ್ಲೇ ತಿಳಿಯುತ್ತದೆ. ಚೀಟಿ ಇಲ್ಲದ ಡಬ್ಬ ಎಷ್ಟೇ ಅಗ್ಗವಾದರೂ ಬೇಡ, ಕೆಟ್ಟರೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.